ಗಣಿತದ ಸಂಜೆಗೆ ಬಂದೋರು ಅರ್ಧಕ್ಕೇ ಎದ್ದು ಹೋದ್ರು, ಏನು ಮಾಡ್ಲಿ?

ಸೀಗೆಬೇಲಿ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ತಿಪಟೂರು ಕಡೆ. ನಾನು ಪಾಲಿಟೆಕ್ನಿಕ್‌ನಲ್ಲಿ ಗಣಿತ ಹೇಳ್ಕೊಡ್ತೀನಿ, ಶನಿವಾರ ಭಾನುವಾರ ಊರಲ್ಲಿರ್ತೀನಿ. ನಮ್ಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ಸಂಜೆ ಗಣಿತದ ಬಗ್ಗೆ ಮಾತಾಡೋಣ, ಪರೀಕ್ಷೆಗಲ್ಲ, ದೊಡ್ಡೋರು ಮಕ್ಕಳು ಎಲ್ಲ ಒಟ್ಟಿಗೆ ಕೂತು ಖುಷಿಪಡೋಕೆ ಅಂತ ಲೈಬ್ರರಿ ಮೇಡಂ ಹತ್ರ ಕೇಳ್ದೆ, ಅವರೂ ಒಪ್ಪಿದ್ರು. ಹೋದ ಭಾನುವಾರ ಮೊದಲನೇದು ಆಯ್ತು. ಮೂರು ವಾರ ಕೂತು ಸ್ಲೈಡ್ ಮಾಡಿದ್ದೆ. ಫಿಬೊನಾಚಿ (1, 2, 3, 5, 8 ಅಂತ ಹಿಂದಿನ ಎರಡು ಕೂಡಿ ಮುಂದಿನದು ಬರೋ ಸಾಲು), ಗೋಲ್ಡನ್ ರೇಷಿಯೊ (ಸುಮಾರು 1.618ರ ಅನುಪಾತ), ರಾಮಾನುಜನ್ ಅವರ 1729 (ಎರಡು ಘನಗಳ ಮೊತ್ತವಾಗಿ ಎರಡು ಥರ ಬರೆಯೋಕಾಗೋ ಸಂಖ್ಯೆ), ಕೊನೆಗೆ ಅನಂತ. ಸಂಜೆ 4ಕ್ಕೆ ಶುರು ಮಾಡಿದ್ವಿ, ಮೂವತ್ತು ಜನ ಬಂದಿದ್ರು, ನಮ್ಮೂರಿಗೆ ಅದು ಬಹಳ. ಐದು ಗಂಟೆ ಹೊತ್ತಿಗೆ ಹನ್ನೊಂದು ಜನ ಉಳಿದ್ರು, ಅದ್ರಲ್ಲಿ ಎಂಟು ಜನ ಮಕ್ಕಳು.

ಮುಗಿದ ಮೇಲೆ ಪಕ್ಕದ ತೋಟದ ದೊಡ್ಡಪ್ಪ ಹೆಗಲ ಮೇಲೆ ಕೈ ಇಟ್ಟು "ಚೆನ್ನಾಗ್ ಮಾತಾಡ್ದೆ ಕಣ್ಮಗ, ಆದ್ರೆ ಇವೆಲ್ಲ ನಮ್ಮಂಥೋರಿಗಲ್ಲ, ನಮಗೆ ಲೆಕ್ಕ ಹತ್ತಲ್ಲ" ಅಂದ್ರು. ಆ ಮಾತು ಇವತ್ತಿಗೂ ಕೊರೀತಿದೆ. ಯಾಕಂದ್ರೆ ಇದೇ ದೊಡ್ಡಪ್ಪ ಕಾಯಿ ಎಣಿಸೋದು ನೋಡ್ಬೇಕು ನೀವು. ಒಂದೊಂದು ಕೈಲಿ ಎರಡೆರಡು ಕಾಯಿ ಹಿಡಿದು ಆ ಕಡೆ ಹಾಕ್ತಾ ಇರ್ತಾರೆ, ಬಾಯಲ್ಲಿ ಎಣಿಕೆ ನಡೀತಾ ಇರುತ್ತೆ, ನೂರಾದಾಗ ಒಂದು ಕಾಯಿ ಪಕ್ಕಕ್ಕಿಡ್ತಾರೆ, ಮಧ್ಯೆ ಯಾರಾದ್ರೂ ಮಾತಾಡಿಸಿದ್ರೂ ತಪ್ಪಲ್ಲ. ಕೊನೆಗೆ ಸಾವಿರಕ್ಕೆ ಇಷ್ಟು ಅಂತ ರೇಟು ಹಿಡಿದು ವ್ಯಾಪಾರಿ ಫೋನ್ ತೆಗೆಯೋಕೆ ಮುಂಚೆ ಒಟ್ಟು ದುಡ್ಡು ಹೇಳ್ತಾರೆ. ಈ ಮನುಷ್ಯ ನಮಗೆ ಲೆಕ್ಕ ಹತ್ತಲ್ಲ ಅಂತಾರೆ!

ಮುಂದಿನದು ಇನ್ನು ಮೂರು ವಾರಕ್ಕಿದೆ. ಇಂಥದ್ದು ನಡೆಸಿರೋರು ಯಾರಾದ್ರೂ ಇದ್ರೆ ಹೇಳಿ, ಎಲ್ಲಿಂದ ಶುರು ಮಾಡ್ಲಿ?

ಕೊಟ್ಟಿಗೆಮನೆ:
ಮೊದಲು ಟೈಮ್ ಬದಲಾಯಿಸಿ ಸಾರ್. ನಾಲ್ಕೂವರೆ ಐದಕ್ಕೆ ಹಾಲು ಕರೆದು ಡೈರಿಗೆ ಹಾಕೋ ಹೊತ್ತು. ಎದ್ದು ಹೋದೋರೆಲ್ಲ ಬೇಜಾರಾಗಿ ಹೋಗಿಲ್ಲ.

ಹಳೆಮೇಷ್ಟ್ರು:
ಕೊಟ್ಟಿಗೆಮನೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. 31 ವರ್ಷ ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟೋನು ನಾನು. ಮಕ್ಕಳ ಸಂತೆ ಅಂತ ಮಾಡಿಸ್ತಿದ್ವಿ, ಮೆಟ್ರಿಕ್ ಮೇಳ ಅಂತಲೂ ಅಂತಾರೆ. ಮಕ್ಕಳೇ ಮನೆಯಿಂದ ಸೊಪ್ಪು, ನಿಂಬೆಹಣ್ಣು, ಚುರುಮುರಿ ತಂದು ತಕ್ಕಡಿ ಇಟ್ಟು ಮಾರೋದು. ಕ್ಲಾಸಲ್ಲಿ ದಶಮಾಂಶ ಅಂದ್ರೆ ತಲೆ ತಗ್ಗಿಸ್ತಿದ್ದ ಹುಡುಗ ಅಲ್ಲಿ ಕಾಲು ಕೆಜಿ ಹುರುಳಿಕಾಯಿಗೆ ಎಷ್ಟು, ಐವತ್ತು ಕೊಟ್ರೆ ಚಿಲ್ಲರೆ ಎಷ್ಟು ಅಂತ ಪಟಪಟ ಹೇಳೋನು. ಮಾರನೇ ದಿನ ಕ್ಲಾಸಲ್ಲಿ ಅದೇ ಲೆಕ್ಕ 0.25 ಅಂತ ಬರೆದ್ರೆ ಮತ್ತೆ ಮೌನ. ಅಂದ್ರೆ ಲೆಕ್ಕ ಬರ್ತಿತ್ತು, ನಾವು ಬರೆಯೋ ರೀತಿಯಲ್ಲಿ ಅದು ಅವನಿಗೆ ಗುರುತು ಸಿಗ್ತಿರಲಿಲ್ಲ ಅಷ್ಟೇ. ನಿಮ್ಮ ದೊಡ್ಡಪ್ಪನದ್ದೂ ಅದೇ ಕಥೆ.

ಇಂತಹ ಕಾರ್ಯಕ್ರಮದಲ್ಲಿ ಮೊದಲ ಕೆಲಸ ಇದೊಂದೇ: ನೀವು ಈಗಾಗ್ಲೇ ಮಾಡ್ತಿರೋದೇ ಗಣಿತ ಅಂತ ತೋರಿಸೋದು. ಕಾಯಿ ಎಣಿಸೋದರಿಂದಲೇ ಶುರು ಮಾಡಿ. ನೂರಕ್ಕೊಂದು ಕಾಯಿ ಪಕ್ಕಕ್ಕಿಡೋದು ಸ್ಥಾನಬೆಲೆ ಅಲ್ದೆ ಮತ್ತೇನು?

ರಾಗಿಕಣ:
ಎಣಿಕೆ ಅಂದಾಗ ನೆನಪಾಯ್ತು, ನಮ್ಮಜ್ಜ ಕಣದಲ್ಲಿ ರಾಗಿ ಅಳೆಯೋವಾಗ ಮೊದಲನೇ ಸೇರಿಗೆ ಒಂದು ಅಂತಿರಲಿಲ್ಲ, "ಲಾಭ" ಅಂತಿದ್ರು, ಆಮೇಲೆ ಎರಡು, ಮೂರು. ನಾನು ಚಿಕ್ಕೋನಿದ್ದಾಗ ಲಾಭ ಅನ್ನೋದು ಒಂದು ಸಂಖ್ಯೆ ಅಂತಲೇ ತಿಳ್ಕೊಂಡಿದ್ದೆ.

ತುಂಬೆಗಿಡ:
ನಮ್ಮಲ್ಲೂ ಲಾಭನೇ. ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗ ಎಲ್ಲ ಬಾಯಲ್ಲೇ ಇರ್ತಿತ್ತು. ಅಮ್ಮಂಗೆ ಕಾಲು ಮಗ್ಗಿ ಅರೆ ಮಗ್ಗಿ ಬರ್ತಿತ್ತು, ಏಳು ಕಾಲು ಒಂದೂ ಮುಕ್ಕಾಲು ಅಂತ. ಈಗಿನ ಮಕ್ಕಳಿಗೆ ಭಿನ್ನರಾಶಿ ಅಂದ್ರೆ ಪಿಜ್ಜಾ ಚಿತ್ರ. ಮಗ್ಗಿ ಬಾಯಿಪಾಠ ಬಿಟ್ಟಿದ್ದೇ ಎಲ್ಲ ಹಾಳಾಗೋಕೆ ಕಾರಣ ಅಂತ ನನ್ನ ಅಭಿಪ್ರಾಯ.

ನಡುಹಗಲು:
ಮಗ್ಗಿ ತಪ್ಪಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಸ್ಕೇಲಲ್ಲಿ ಹೊಡೆಸ್ಕೊಂಡೋಳು ನಾನು, ನನಗೆ ನಲವತ್ತೆರಡು ವರ್ಷ, ಇವತ್ತಿಗೂ ಯಾರಾದ್ರೂ ಏಳೆಂಟ್ಲ ಅಂದ್ರೆ ಎದೆ ಧಸಕ್ ಅನ್ನುತ್ತೆ. ಮಗ್ಗಿ ಬೇಡ ಅಂತಲ್ಲ. ಆದ್ರೆ ಊರಲ್ಲಿ "ನಮಗೆ ಲೆಕ್ಕ ಹತ್ತಲ್ಲ" ಅನ್ನೋ ಎಷ್ಟೋ ಜನ ಹೇಳ್ತಿರೋದು ಲೆಕ್ಕದ ಬಗ್ಗೆ ಅಲ್ಲ, ಆ ಹೊಡೆತದ ಬಗ್ಗೆ. ಸೀಗೆಬೇಲಿ ಅವರೇ, ನಿಮ್ಮ ಸಂಜೆಯಲ್ಲಿ ದಯವಿಟ್ಟು ಯಾರನ್ನೂ ಎದ್ದು ನಿಲ್ಲಿಸಿ ಪ್ರಶ್ನೆ ಕೇಳ್ಬೇಡಿ. ಉತ್ತರ ಗೊತ್ತಿದ್ದೋರು ತಾವಾಗೇ ಹೇಳ್ಲಿ.

ಹಳೆಮೇಷ್ಟ್ರು:
@ನಡುಹಗಲು ಓದಿ ಸಂಕಟ ಆಯ್ತಮ್ಮ. ಆ ಕಾಲದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಹೊಡೆದಿದ್ದೀನಿ, ಅದು ತಪ್ಪು ಅಂತ ಬಹಳ ತಡವಾಗಿ ಗೊತ್ತಾಯ್ತು.

ಸಂಘದಅಕ್ಕ:
ನಾನು ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕದ ಪುಸ್ತಕ ಬರೀತೀನಿ, ನನ್ನ ಅನುಭವ ಹೇಳ್ತೀನಿ. ಬಡ್ಡಿ ಇಟ್ಕೊಳ್ಳಿ, ಒಬ್ರೂ ಎದ್ದು ಹೋಗಲ್ಲ.

ನಮ್ಮ ಕಡೆ ಬಡ್ಡಿ ಅಂದ್ರೆ "ಎರಡು ರೂಪಾಯಿ ಬಡ್ಡಿ", "ಮೂರು ರೂಪಾಯಿ ಬಡ್ಡಿ" ಅಂತಾರೆ, ಅಂದ್ರೆ ನೂರಕ್ಕೆ ತಿಂಗಳಿಗೆ ಎರಡು, ಮೂರು. ಬ್ಯಾಂಕಿನೋರು 12 ಪರ್ಸೆಂಟ್ ಅಂದ್ರೆ "ಅಯ್ಯಯ್ಯೋ ಹನ್ನೆರಡಾ, ನಮ್ಮೂರ ಸಾಹುಕಾರ್ರು ಎರಡಕ್ಕೇ ಕೊಡ್ತಾರೆ" ಅಂತ ಬಾಯಿ ಬಿಡ್ತಾರೆ. ವರ್ಷಕ್ಕೆ 24 ಆಗುತ್ತೆ ಅಂತ ಒಂದು ಸಲ ಬೋರ್ಡ್ ಮೇಲೆ ಬರೆದು ತೋರಿಸಿದ್ದಕ್ಕೆ ಇಡೀ ಸಭೆ ಐದು ನಿಮಿಷ ಗಪ್‌ಚುಪ್.

ಇನ್ನೊಂದು. ನಮ್ಮ ಒಬ್ಬ ಸದಸ್ಯೆ ಒಂದು ಫೈನಾನ್ಸಲ್ಲಿ 50,000 ತಗೊಂಡಿದ್ಲು. ವರ್ಷಕ್ಕೆ 12 ಪರ್ಸೆಂಟ್ ಫ್ಲಾಟ್, ಅಂದ್ರೆ 6,000 ಬಡ್ಡಿ ಸೇರಿಸಿ 56,000, ಅದನ್ನ ಹನ್ನೆರಡು ಕಂತು. ನೂರಕ್ಕೆ ಒಂದೇ ರೂಪಾಯಿ ಬಡ್ಡಿ ಅಂತ ಅವಳ ಲೆಕ್ಕ. ನಾನು ಕೇಳ್ದೆ, ಆರನೇ ಕಂತು ಕಟ್ಟಿದ ದಿನ ಅವರ ದುಡ್ಡು ನಿನ್ನ ಹತ್ರ ಎಷ್ಟು ಉಳಿದಿರುತ್ತೆ? ಅರ್ಧ. ಆದ್ರೆ ಬಡ್ಡಿ ಕೊನೇವರೆಗೂ ಪೂರ್ತಿ 50,000ಕ್ಕೇ ಕಟ್ತಿದ್ದೀಯ. ತಿಂಗಳು ತಿಂಗಳು ಕೈಲಿರೋ ಅಸಲು ಬರ್ಕೊಂಡು ಸರಾಸರಿ ತೆಗೆದ್ವಿ, ಸುಮಾರು 27,000 ಬಂತು. 27,000ಕ್ಕೆ 6,000 ಬಡ್ಡಿ ಅಂದ್ರೆ ನೂರಕ್ಕೆ 22. ಅವಳು ಪೆನ್ನು ಇಸ್ಕೊಂಡು ತಾನೇ ಇನ್ನೊಂದು ಸಲ ಹಾಕಿ ನೋಡಿದ್ಲು. ಆಮೇಲೆ ಮನೆಗೆ ಹೋಗಿ ಗಂಡನಿಗೂ ಹಾಕಿ ತೋರಿಸಿದ್ಲಂತೆ.

ಇದಕ್ಕಿಂತ ಗಣಿತ ಬೇಕಾ?

ಒಂಟಿಮರ:
ಅಕ್ಕ, ನೀವು ಮಾಡ್ತಿರೋದು ಬಹಳ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಎಲ್ರೂ ಸೇರಿ ಗಣಿತನ ವ್ಯವಹಾರದ ಲೆಕ್ಕಕ್ಕೆ ಇಳಿಸ್ತಿದ್ದೀರಿ ಅನ್ಸುತ್ತೆ. ಬಡ್ಡಿ, ತೂಕ, ಚಿಲ್ಲರೆ. ಹಾಡಿನ ಕಾರ್ಯಕ್ರಮಕ್ಕೆ ಬಂದೋರಿಗೆ ಹಾಡಿಂದ ಏನು ಉಪಯೋಗ ಅಂತ ಯಾರಾದ್ರೂ ಹೇಳ್ತಾರಾ? ಯಕ್ಷಗಾನಕ್ಕೆ ರಾತ್ರಿಯೆಲ್ಲ ಕೂರೋ ಜನಕ್ಕೆ ಬೆರಗು ಅಂದ್ರೇನು ಅಂತ ಚೆನ್ನಾಗಿ ಗೊತ್ತು. ಹಳ್ಳಿ ಜನಕ್ಕೆ ಉಪಯೋಗದ್ದೇ ಹೇಳ್ಬೇಕು ಅಂದ್ಕೊಳ್ಳೋದು ಅವರನ್ನ ಕಡಿಮೆ ಮಾಡಿದ ಹಾಗೆ.

ಕಾಪ್ರೇಕರ್ ಅವರ ಸಂಖ್ಯೆ ಮಾಡಿಸಿ ನೋಡಿ. ಅವರು ನಾಸಿಕ್ ಹತ್ರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು, 1949ರಲ್ಲಿ ಇದನ್ನ ಕಂಡುಹಿಡಿದ್ರು. ನಾಲ್ಕಂಕಿಯ ಯಾವ್ದಾದ್ರೂ ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಇರಬಾರದು ಅಷ್ಟೇ. 3524 ಅನ್ನಿ. ಅಂಕಿಗಳನ್ನ ಇಳಿಕೆಯಲ್ಲಿ ಬರೆದು ಏರಿಕೆಯದ್ದನ್ನ ಕಳೀರಿ: 5432−2345=3087. ಮತ್ತೆ ಅದೇ: 8730−0378=8352. ಮತ್ತೆ: 8532−2358=6174. ಇನ್ನು ಮುಂದೆ ಎಷ್ಟು ಸಲ ಮಾಡಿದ್ರೂ 6174. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆ ಒಳಗೆ ಅಲ್ಲಿಗೇ ಬರುತ್ತೆ. ಇದರಿಂದ ನಯಾಪೈಸೆ ಉಪಯೋಗ ಇಲ್ಲ. ಆದ್ರೂ ಮೂವತ್ತು ಜನ ಮೂವತ್ತು ಸಂಖ್ಯೆ ಹಿಡ್ಕೊಂಡು ಹೊರಟು ಎಲ್ರೂ ಒಂದೇ ಊರಲ್ಲಿ ಸೇರೋದು ನೋಡಿದ್ರೆ ಮೈ ಜುಂ ಅನ್ನುತ್ತೆ.

ಸಂಘದಅಕ್ಕ:
ನೀವು ಹೇಳೋದು ಒಪ್ತೀನಿ ಆದ್ರೆ ಬೆರಗಿಗೆ ಬಿಡುವು ಬೇಕಲ್ವಾ. ಸಾಲದ ಕಂತು ತಲೆ ಮೇಲಿರೋಳಿಗೆ 6174 ಆಮೇಲೆ.

ಒಂಟಿಮರ:
ಬಿಡುವು ಮಾಡ್ಕೊಂಡು ಬಂದು ಕೂತಿದ್ರಲ್ಲ ಮೂವತ್ತು ಜನ!

ಗಾರೆಗೋಡೆ:
ಇಬ್ರದ್ದೂ ಖರೇನ ಐತ್ರಿ, ಜಗಳ ಬ್ಯಾಡ. ನಾ ಹುಬ್ಬಳ್ಳಿಯಾಂವ, ಸಿವಿಲ್ ಕೆಲಸ. ನಮ್ಮ ಮೇಸ್ತ್ರಿ ಮೂರನೇತ್ತಾ ಸಾಲಿ ಬಿಟ್ಟಾಂವ. ಪಾಯಾ ಗುರುತು ಮಾಡುಮುಂದ ಗೂಟಾ ಬಡದು ದಾರ ಹಿಡೀತಾನ, ಒಂದ ಕಡೆ 3 ಫೂಟಿಗೆ ಗುರುತು, ಇನ್ನೊಂದ ಕಡೆ 4 ಫೂಟಿಗೆ, ನಡುವ ಟೇಪ್ ಹಿಡದ್ರ ಬರೋಬ್ಬರಿ 5 ಬರಬೇಕು, ಆವಾಗ ಮೂಲಿ ನೆಟ್ಟಗ ಐತಿ ಅಂತ. ಬರಲಿಲ್ಲಂದ್ರ ಗೂಟಾ ಸರಸ್ತಾನ. ದೊಡ್ಡ ಮನಿ ಇದ್ರ 6, 8, 10. ನಾ ಒಮ್ಮೆ ಕೇಳಿದೆ, ಇದು ಯಾಕ ಬರತೈತಿ ಗೊತ್ತೇನು ಅಂತ. "ಯಾಕ ಅಂತ ಗೊತ್ತಿಲ್ರಿ ಸಾಹೇಬ್ರ, ಆದ್ರ ಎಂದೂ ಸುಳ್ಳ ಆಗಿಲ್ಲ" ಅಂದ. ಅವತ್ತ ಸಿಮೆಂಟ್ ಚೀಲದ ಮ್ಯಾಲ ಚೌಕ ಕೊರದು 9, 16, 25 ತೋರಿಸಿದೆ, 9ಕ್ಕ 16 ಕೂಡಿಸಿದ್ರ 25 ಅಂತ. ಆ ಮನಷ್ಯಾ ಬೀಡಿ ಆರಿಸಿ ಕುಂತ್ ಬಿಟ್ಟ. ಮೂವತ್ತ ವರ್ಷ ಕೈಯಾಗ ಇದ್ದದ್ದು ಅವತ್ತ ಕಣ್ಣಿಗೆ ಬಿತ್ತು. ಉಪಯೋಗದಿಂದನ ಶುರು ಮಾಡ್ರಿ, ಆದ್ರ "ಯಾಕ" ಅನ್ನೋತನಕ ಹೋಗ್ರಿ. ಅಲ್ಲೇ ಐತಿ ರುಚಿ.

ಮತ್ತ ಒಂದು, 30×40 ಸೈಟ್ ಅಂತ ಎಲ್ಲಾರೂ ಅಂತೀವಲ್ಲ, ಅದರ ಮೂಲಿಯಿಂದ ಮೂಲಿಗೆ ಅಳತಿ ಕರೆಕ್ಟ್ 50 ಫೂಟ್. ಸೈಟ್ ತಗೋಳೋ ಮಂದಿಗೆ ಹೇಳ್ರಿ, ಟೇಪ್ ಹಿಡದು ನೋಡ್ಲಿ. 50 ಬರಲಿಲ್ಲಂದ್ರ ಮೂಲಿ ಸೊಟ್ಟ ಐತಿ ಅಂತ ಅರ್ಥ.

ಕೊಟ್ಟಿಗೆಮನೆ:
ನಂದು 20×30. ಅದಕ್ಕೆ ಎಷ್ಟು?

ಗಾರೆಗೋಡೆ:
36 ಫೂಟಿನ ಮ್ಯಾಲ ಅರ್ಧ ಇಂಚ್ ಚಿಲ್ಲರೆ. 400 ಕೂಡಿಸು 900, 1300, ಅದರ ವರ್ಗಮೂಲ.

ಚುಕ್ಕಿಎಳೆ:
ಗಾರೆಗೋಡೆ ಅವರು 9, 16, 25 ಅಂದಿದ್ದು ನೋಡಿ ಕೂತಲ್ಲೇ ಎದ್ದೆ! ನಾನು ದಿನಾ ಬಾಗಿಲಿಗೆ ರಂಗೋಲಿ ಹಾಕೋಳು. 7 ಚುಕ್ಕಿ, 1ಕ್ಕೆ ನಿಲ್ಲೋ ನೇರ ಚುಕ್ಕಿ ರಂಗೋಲಿ ಇದ್ಯಲ್ಲ, 1, 3, 5, 7, 5, 3, 1. ಕೂಡಿಸಿ, 25 ಬರುತ್ತೆ. ಮೇಲಿಂದ ನಡುಸಾಲಿನವರೆಗೆ 1+3+5+7 ಅಂದ್ರೆ 16. ಕೆಳಗಿನದು 5+3+1, 9. ಒಟ್ಟು 25. ಮೂರೂ ವರ್ಗಸಂಖ್ಯೆ! ಅಂದ್ರೆ ನೇರ ಚುಕ್ಕಿ ರಂಗೋಲಿ ಯಾವ್ದು ಹಾಕಿದ್ರೂ ಒಟ್ಟು ವರ್ಗಸಂಖ್ಯೆನೇ ಬರುತ್ತೆ ಅಂತ ಆಯ್ತಲ್ಲ, ಇಷ್ಟು ವರ್ಷ ಹಾಕಿದ್ರೂ ಗಮನಿಸಿರ್ಲಿಲ್ಲ.

ಒಂಟಿಮರ:
ತುಂಬಾ ಚೆನ್ನಾಗಿದೆ, ಆದ್ರೆ ಕೊನೇ ಮಾತು ಸರಿಯಲ್ಲ. 9 ಚುಕ್ಕೀದು ಹಾಕಿ ನೋಡಿ: 1+3+5+7+9 ಇಪ್ಪತ್ತೈದು, 7+5+3+1 ಹದಿನಾರು, ಒಟ್ಟು 41. ಅದು ವರ್ಗ ಅಲ್ಲ. 5 ಚುಕ್ಕೀದು 13, ಅದೂ ಅಲ್ಲ. ಈ ಮೂರರಲ್ಲಿ 7ಕ್ಕೆ ಮಾತ್ರ ಬಿತ್ತು, ಯಾಕಂದ್ರೆ 3-4-5.

ಎರಡೂ ಭಾಗ ಬೇರೆ ಬೇರೆಯಾಗಿ ವರ್ಗ ಆಗೋದು ಮಾತ್ರ ಯಾವಾಗ್ಲೂ ನಿಜ. 1ರಿಂದ ಬೆಸಸಂಖ್ಯೆಗಳನ್ನ ಸಾಲಾಗಿ ಕೂಡಿಸ್ತಾ ಹೋದ್ರೆ ವರ್ಗಸಂಖ್ಯೆನೇ ಬರೋದು. ಹುಣಸೆಬೀಜ ಇಟ್ಟು ನೋಡಿ: ಒಂದು ಬೀಜ, ಅದರ ಎರಡು ಪಕ್ಕಕ್ಕೆ ಮೂಲೆ ಸುತ್ತಿ 3 ಇಟ್ರೆ 2×2 ಚೌಕ, ಅದರ ಸುತ್ತ ಅದೇ ಥರ 5 ಇಟ್ರೆ 3×3, ಮತ್ತೆ 7 ಇಟ್ರೆ 4×4. ಇದಕ್ಕೆ ಸೂತ್ರ ಬೇಡ, ಕಣ್ಣಿಗೇ ಕಾಣುತ್ತೆ.

ಚುಕ್ಕಿಎಳೆ:
ಹೌದಲ್ಲ, 41. ಆತುರಪಟ್ಟೆ. ಆದ್ರೆ ನಿಮ್ಮ ಬೀಜದ ಚೌಕ ನನ್ನ ರಂಗೋಲಿ ಒಳಗೆ ಎಲ್ಲಿದೆ? ನನ್ನದು ವಜ್ರದ ಆಕಾರ.

ಒಂಟಿಮರ:
ತಲೆ ಓರೆ ಮಾಡಿ ನೋಡಿ. ತುದಿ ಚುಕ್ಕಿಯಿಂದ ಶುರು ಮಾಡಿ ಒಂದು ಬಿಟ್ಟು ಒಂದಕ್ಕೆ ಕುಂಕುಮ ಇಡಿ, ಉಳಿದಿದ್ದಕ್ಕೆ ಅರಿಶಿನ.

ಚುಕ್ಕಿಎಳೆ:
ಹಾಕ್ದೆ. ಕುಂಕುಮದ್ದು ನಾಲ್ಕು ಸಾಲು ನಾಲ್ಕು ಓರೆ ಚೌಕ, ಹದಿನಾರು. ಅದರ ಸಂದಿನಲ್ಲಿ ಅರಿಶಿನದ್ದು ಮೂರು ಮೂರು ಒಂಬತ್ತು. ಒಂದರೊಳಗೊಂದು ಕೂತ್ಕೊಂಡಿವೆ!! ಇದನ್ನ ನಮ್ಮ ಬೀದಿಯೋರಿಗೆಲ್ಲ ತೋರಿಸ್ಲೇಬೇಕು. ಮತ್ತೆ ಸಂದು ಚುಕ್ಕೀದು? 4, 5, 6, 7, 6, 5, 4. ಅದು 37 ಬಂತು, ವರ್ಗ ಏನೂ ಕಾಣ್ತಿಲ್ಲ.

ಒಂಟಿಮರ:
ಅಲ್ಲಿ ಘನ ಇದೆ. 4×4×4 ಅಂದ್ರೆ 64, 3×3×3 ಅಂದ್ರೆ 27, 64ರಲ್ಲಿ 27 ಕಳೀರಿ. ಚೌಕದ ಸಕ್ಕರೆ ಗಟ್ಟಿ (ಶುಗರ್ ಕ್ಯೂಬ್) 64 ತಗೊಂಡು ಪೆಟ್ಟಿಗೆ ಥರ ಜೋಡಿಸಿ, ಮೂಲೆಯಿಂದ ನೋಡಿದ್ರೆ ಕಾಣೋ ಗಟ್ಟಿ ಎಷ್ಟು ಅಂತ ಎಣಿಸಿ.

ಸೀಗೆಬೇಲಿ:
ನಾನು ಓದ್ತಾನೇ ಇದ್ದೀನಿ, ನಿದ್ದೆ ಬರ್ತಿಲ್ಲ. ಮೂರು ವಾರ ಕೂತು ಸ್ಲೈಡ್ ಮಾಡಿದೋನಿಗೆ ನಮ್ಮ ಮನೆ ಬಾಗಿಲಲ್ಲಿ ದಿನಾ ಇರೋದು ಕಾಣ್ಲಿಲ್ಲ.

ಹಾಗಾದ್ರೆ ಫಿಬೊನಾಚಿ ಪೂರ್ತಿ ಬಿಟ್ಟುಬಿಡ್ಲಾ?

ಬೆಟ್ಟದನೆಲ್ಲಿ:
ಬಿಡಬೇಡಿ ಆದ್ರೆ ಗೋಲ್ಡನ್ ರೇಷಿಯೊ ಬಗ್ಗೆ ಹುಷಾರು. ಶಂಖದಲ್ಲಿದೆ, ಹಳೇ ಗ್ರೀಕ್ ದೇವಸ್ಥಾನದಲ್ಲಿದೆ, ಸುಂದರವಾದ ಮುಖದಲ್ಲೆಲ್ಲ ಇದೆ ಅಂತ ವಾಟ್ಸಾಪಲ್ಲಿ ಓಡಾಡುತ್ತೆ, ಅಳೆದು ನೋಡಿದ್ರೆ ಹೊಂದಲ್ಲ. ಸೂರ್ಯಕಾಂತಿಯದ್ದು ಮಾತ್ರ ನಿಜ, ಬೀಜದ ಸುರುಳಿ ಎಣಿಸಿದ್ರೆ ಸಾಮಾನ್ಯವಾಗಿ 34, 55 ಥರ ಅಕ್ಕಪಕ್ಕದ ಫಿಬೊನಾಚಿ ಸಂಖ್ಯೆ ಸಿಗುತ್ತೆ. ಹೂವನ್ನೇ ತಂದು ಎಣಿಸಿ.

ಷಟ್ಪದಿಪ್ರಿಯೆ:
ನಾನು ಕನ್ನಡ ಅಧ್ಯಾಪಕಿ, ಗಣಿತದೋಳಲ್ಲ. ಆದ್ರೆ ಫಿಬೊನಾಚಿ ನಮ್ಮ ಛಂದಸ್ಸಿನಲ್ಲೇ ಇದೆ ಅಂತ ಗೊತ್ತಾದ ದಿನ ಎಷ್ಟು ಖುಷಿಯಾಗಿತ್ತು ಅಂದ್ರೆ ಹೇಳೋಕಾಗಲ್ಲ. ಲಘು ಒಂದು ಮಾತ್ರೆ, ಗುರು ಎರಡು. ಎರಡು ಮಾತ್ರೆಯ ಗಣ ಎಷ್ಟು ಥರ? ಲಲ, ಗ, ಎರಡು. ಮೂರು ಮಾತ್ರೆಗೆ ಲಲಲ, ಲಗ, ಗಲ, ಮೂರು. ನಾಲ್ಕಕ್ಕೆ ಗಗ, ಗಲಲ, ಲಗಲ, ಲಲಗ, ಲಲಲಲ, ಐದು. ಐದಕ್ಕೆ ಎಂಟು. 2, 3, 5, 8! ಯಾಕೆ ಅಂತಲೂ ಸುಲಭ: ನಾಲ್ಕು ಮಾತ್ರೆಯ ಗಣ ಲಘುವಿನಲ್ಲಿ ಮುಗಿದ್ರೆ ಅದರ ಹಿಂದೆ ಮೂರು ಮಾತ್ರೆ ಇರುತ್ತೆ, ಅದು 3 ಥರ. ಗುರುವಿನಲ್ಲಿ ಮುಗಿದ್ರೆ ಹಿಂದೆ ಎರಡು ಮಾತ್ರೆ, ಅದು 2 ಥರ. ಕೂಡಿದ್ರೆ 5. ಇದನ್ನ ವಿರಹಾಂಕ, ಹೇಮಚಂದ್ರ ಥರದ ನಮ್ಮ ಹಳೇ ಪಂಡಿತರು ಛಂದಸ್ಸಿನ ಲೆಕ್ಕವಾಗಿ ಮೊದಲೇ ಬರೆದಿಟ್ಟಿದ್ರು, ಇಟಲಿಯ ಫಿಬೊನಾಚಿಯ ಪುಸ್ತಕ ಬಂದಿದ್ದು ಆಮೇಲೆ, 1202ರಲ್ಲಿ.

ಗಮಕಿಗಳು, ಅಂದ್ರೆ ಕಾವ್ಯ ಹಾಡಿ ಓದೋರು, ಇರೋ ಊರಾದ್ರೆ ಭಾಮಿನಿ ಷಟ್ಪದಿಯ ಒಂದು ಪದ್ಯ ಹಾಡಿಸಿ, 3-4, 3-4 ಅಂತ ಚಪ್ಪಾಳೆ ಹಾಕಿಸಿ, ಆಮೇಲೆ ಎಣಿಸೋಕೆ ಹೇಳಿ.

ಮಾತ್ರೆಗಣ:
ಒಂದು ತಿದ್ದುಪಡಿ ಮೇಡಂ. ಲೆಕ್ಕಕ್ಕೆ ಮೂರು ಥರ ಸರಿ, ಆದ್ರೆ ಷಟ್ಪದಿಯಲ್ಲಿ ಗಣ ಲಗ ಅಂತ ಶುರುವಾಗಬಾರದು, ಹಾಗಾಗಿ ಪದ್ಯದಲ್ಲಿ ಹುಡುಕಿದ್ರೆ ಮೂರೂ ಸಿಗಲ್ಲ.

ಷಟ್ಪದಿಪ್ರಿಯೆ:
ಸರಿ, ಅದನ್ನ ಹೇಳ್ಬೇಕಿತ್ತು, ಥ್ಯಾಂಕ್ಸ್. ನಿಷೇಧ ಸೇರಿಸಿದ್ರೆ ಎಣಿಕೆ ಹೇಗೆ ಬದಲಾಗುತ್ತೆ ಅನ್ನೋದೂ ಒಳ್ಳೇ ಪ್ರಶ್ನೆನೇ.

ತುಂಬೆಗಿಡ:
ವೇದಿಕ್ ಮ್ಯಾಥ್ಸ್ ಮಾಡಿಸಿ ಸಾರ್, ಜನ ಬರ್ತಾರೆ. ವೇದದಲ್ಲೇ ಎಲ್ಲ ಇದೆ.

ಬೆಟ್ಟದನೆಲ್ಲಿ:
ಆ ಹೆಸರಿನ ಪುಸ್ತಕ ಅಚ್ಚಾಗಿದ್ದು 1965ರಲ್ಲಿ, ಅದರಲ್ಲಿರೋ ಸೂತ್ರಗಳು ನಮಗೆ ಸಿಕ್ಕಿರೋ ವೇದಗಳಲ್ಲಿ ಇಲ್ಲ ಅಂತ ವಿದ್ವಾಂಸರು ನೋಡಿ ಹೇಳಿದ್ದಾರೆ. ಬೇಗ ಗುಣಿಸೋ ಉಪಾಯಗಳು ಮಜಾ ಇವೆ, ಮಾಡಿಸಿ, ಆದ್ರೆ ಇಲ್ಲದ್ದು ಸೇರಿಸಿ ಹೇಳೋದು ಬೇಡ. ನಿಜವಾಗ್ಲೂ ಹಳೇದು ಬೇಕು ಅಂದ್ರೆ ನಮ್ಮ ನೆಲದಲ್ಲೇ ಇದ್ಯಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದ್ರು. ಅದರ ಶುರುವಿನಲ್ಲೇ ಗಣಿತ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಮಾಡ್ತಾರೆ: ಸಂಗೀತಕ್ಕೆ, ನಾಟಕಕ್ಕೆ, ವೈದ್ಯಕ್ಕೆ, ವಾಸ್ತುವಿಗೆ, ಅಡುಗೆಗೂ ಬೇಕು ಅಂತಾರೆ. ಉಪಯೋಗ ಅಷ್ಟು ಹೇಳಿದ ಮನುಷ್ಯ ಒಳಗೆ ಹೋದ್ರೆ ಬರೀ ಆಟಕ್ಕೆ ಅಂತ ಹಾರದಂಥ ಗುಣಾಕಾರ ಕೊಡ್ತಾರೆ. 142857143ನ್ನ 7ರಿಂದ ಗುಣಿಸಿ ನೋಡಿ, 1000000001. ಎರಡು ತುದಿಗೆ ಒಂದೊಂದು, ನಡುವೆ ಸೊನ್ನೆಗಳ ಸರ, ರಾಜನ ಕೊರಳಿಗೆ ಹಾಕೋ ಹಾರ ಅಂತ. ಸಂಘದಅಕ್ಕ, ಒಂಟಿಮರ ಇಬ್ರೂ ಒಂದೇ ಪುಸ್ತಕದಲ್ಲಿ ಇದ್ದಾರೆ ನೋಡಿ.

ಆಮೇಲೆ ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಸಂಸ್ಕೃತ ಬರದೋರಿಗೂ ಗಣಿತ ಸಿಗಲಿ ಅನ್ನೋ ಕೆಲಸ ಇಲ್ಲಿ ಅಷ್ಟು ಹಳೇದು.

ನಡುಹಗಲು:
ಕನ್ನಡದಲ್ಲಿ ಅಂದ್ರಲ್ಲ, ಅದನ್ನೂ ಮಾತಾಡ್ಬೇಕು. ಲಸಾಅ, ಮಸಾಅ ಅಂತ ಬಾಯಿಪಾಠ ಮಾಡ್ದೆ, ಲಘುತ್ತಮ ಸಾಮಾನ್ಯ ಅಪವರ್ತ್ಯ ಅಂದ್ರೆ ಏನು ಅಂತ ಹತ್ತನೇ ಕ್ಲಾಸ್ ಮುಗಿದ್ರೂ ಗೊತ್ತಾಗಿರ್ಲಿಲ್ಲ. ಕನ್ನಡ ಪದವೇ ಕನ್ನಡದೋರಿಗೆ ಅರ್ಥ ಆಗದಿದ್ರೆ?

ಹಳೆಮೇಷ್ಟ್ರು:
ಪದ ಆಮೇಲೆ ಹೇಳಿದ್ರೆ ಆಯ್ತಮ್ಮ, ಮೊದಲು ವಿಷಯ. ಗುರುಗ್ರಹ ಒಂದು ಸುತ್ತು ಬರೋಕೆ ಸುಮಾರು 12 ವರ್ಷ, ಶನಿಗೆ ಸುಮಾರು 30. ಇಬ್ರೂ ಒಟ್ಟಿಗೆ ಹೊರಟರೆ ಮತ್ತೆ ಹೊರಟ ಜಾಗದಲ್ಲೇ ಒಟ್ಟಿಗೆ ಸಿಗೋದು ಯಾವಾಗ ಅಂತ ಕೇಳಿ. ಅಜ್ಜಿಯರೇ ಹೇಳ್ತಾರೆ, ಅರವತ್ತು. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರ ಎಷ್ಟು? ಅರವತ್ತು. ಅವರಿಗೆ ಅದು ಹೊಳೆದ ಮೇಲೆ ಇದಕ್ಕೆ ಲಸಾಅ ಅಂತಾರೆ ಅನ್ನಿ, ಆ ಪದ ಜನ್ಮದಲ್ಲಿ ಮರೆಯಲ್ಲ.

ಗುಂಟೆಲೆಕ್ಕ:
ನಾನು ಭೂಮಾಪನದಲ್ಲಿದ್ದು ರಿಟೈರ್ ಆದೋನು, ನನ್ನದೊಂದು ಸೇರಿಸ್ಕೊಳ್ಳಿ. ಒಂದು ಗುಂಟೆ 33 ಅಡಿ ಉದ್ದ 33 ಅಡಿ ಅಗಲ, 1089 ಚದರಡಿ. ನಲವತ್ತು ಗುಂಟೆಗೆ ಎಕರೆ, 43,560. ಆ 33 ಎಲ್ಲಿಂದ ಬಂತು ಅಂದ್ರೆ ಜಮೀನು ಅಳೆಯೋ 66 ಅಡಿ ಸರಪಳಿಯ ಅರ್ಧ. ಈಗ ಆಟ: ಮೂರಂಕಿಯ ಸಂಖ್ಯೆ ಬರೀರಿ, ಮೊದಲನೇ ಅಂಕಿ ಕೊನೇ ಅಂಕಿಗಿಂತ ಕನಿಷ್ಠ ಎರಡು ಜಾಸ್ತಿ ಇರ್ಲಿ. 732 ಅನ್ನಿ. ತಿರುಗಿಸಿ ಕಳೀರಿ, 732−237=495. ಬಂದಿದ್ದನ್ನ ತಿರುಗಿಸಿ ಕೂಡಿ, 495+594=1089. ಯಾವ ಸಂಖ್ಯೆ ತಗೊಂಡ್ರೂ ಒಂದು ಗುಂಟೆ ಸಿಗುತ್ತೆ ಅಂತ ರೈತರಿಗೆ ತೋರಿಸ್ತಿದ್ದೆ, ಬಿಡ್ತಾನೇ ಇರ್ಲಿಲ್ಲ ನನ್ನನ್ನ.

ರಾಗಿಕಣ:
ಮಾಡಿ ನೋಡ್ದೆ, ನಾಲ್ಕು ಸಲ, ನಾಲ್ಕೂ 1089. ಯಾಕೆ??

ಗುಂಟೆಲೆಕ್ಕ:
ತಿರುಗಿಸಿ ಕಳೆದಾಗ ಯಾವಾಗ್ಲೂ 99ರ ಮಗ್ಗಿಯಲ್ಲೇ ಬರುತ್ತೆ: 198, 297, 396, 495, 594, ಹೀಗೆ. ಎಲ್ಲದರಲ್ಲೂ ನಡುವೆ 9, ಎರಡು ತುದಿ ಕೂಡಿದ್ರೂ 9. ಹಾಗಾಗಿ ತಿರುಗಿಸಿ ಕೂಡಿದ್ರೆ ನೂರರ ಸ್ಥಾನದಲ್ಲಿ 9, ಹತ್ತರಲ್ಲಿ 18, ಬಿಡಿಯಲ್ಲಿ 9. 900+180+9. ಗುಂಟೆಗೂ ಇದಕ್ಕೂ ನಂಟಿಲ್ಲ, 33×33 ಮತ್ತು 99×11 ಎರಡೂ ಒಂದೇ ಆಗಿರೋದ್ರಿಂದ ಹೊಂದಿಕೊಳ್ತು. ಅದನ್ನೂ ಜನಕ್ಕೆ ಹೇಳ್ಬೇಕು, ಇಲ್ಲಾಂದ್ರೆ ಏನೋ ಪವಾಡ ಅಂದ್ಕೋತಾರೆ.

ಸೀಗೆಬೇಲಿ:
(ಮೂರು ವಾರ ಆದ್ಮೇಲೆ ಬರೀತಿದ್ದೀನಿ.) ನಿನ್ನೆ ಎರಡನೇದು ಆಯ್ತು. ಏಳು ಗಂಟೆಗೆ ಇಟ್ಟಿದ್ವಿ, ಡೈರಿ ಮುಗಿದ್ಮೇಲೆ. ಪ್ರೊಜೆಕ್ಟರ್ ತರಲೇ ಇಲ್ಲ. ಅರಿವು ಕೇಂದ್ರದ ಮುಂದೆ ನೀರು ಹಾಕಿ ಗುಡಿಸಿ, ಲೈಟ್ ಹಾಕಿ, ಹೊರಗೇ.

ಮೊದಲು ದೊಡ್ಡಪ್ಪಂಗೆ ಕಾಯಿ ಎಣಿಸೋಕೆ ಹೇಳಿದ್ವಿ, ನಾನು ಏನೂ ವಿವರಿಸ್ಲಿಲ್ಲ, ಪಕ್ಕಕ್ಕಿಟ್ಟ ಕಾಯಿ ಯಾಕೆ ಅಂತ ಒಬ್ಬ ಹುಡುಗ ಕೇಳಿದ, ದೊಡ್ಡಪ್ಪನೇ ಹೇಳಿದ್ರು. ಆಮೇಲೆ ಮೂರು ಜನ ಹೆಂಗಸರು 7 ಚುಕ್ಕಿ ಇಟ್ರು. ಒಂದು ಬಿಟ್ಟು ಒಂದಕ್ಕೆ ಕುಂಕುಮ. ಎಣಿಸಿ ಅಂದೆ. ಹದಿನಾರು, ಒಂಬತ್ತು, ಇಪ್ಪತ್ತೈದು. ಇಲ್ಲಿ ಗಾರೆ ಕೆಲಸದ ತಮ್ಮಯ್ಯ ಇದ್ದೋರು, ನಾನು ಬಾಯಿ ತೆರೆಯೋಕೆ ಮುಂಚೆ "ಇದು ನಮ್ಮ ಮೂಲೆಮಟ್ಟದ ಲೆಕ್ಕ ಅಲ್ವಾ" ಅಂತ ಗೂಟ, ದಾರ ತಗೊಂಡು ಬಂದ್ರು. ರಂಗೋಲಿ ಪಕ್ಕದಲ್ಲೇ 3, 4, 5 ಅಳೆದು ತೋರಿಸಿದ್ರು. ಹೆಂಗಸರ ರಂಗೋಲಿಗೂ ತಮ್ಮಯ್ಯನ ದಾರಕ್ಕೂ ಒಂದೇ ಲೆಕ್ಕ ಅಂತ ಇಬ್ರಿಗೂ ಗೊತ್ತಿರಲಿಲ್ಲ, ಒಂದೇ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೋರು.

ಆಮೇಲೆ 9 ಚುಕ್ಕೀದು ಹಾಕಿದ್ರು, 41. ಅದು ವರ್ಗ ಅಲ್ಲ, ಅದಕ್ಕೆ 3-4-5 ಥರದ ಮೂಲೆಮಟ್ಟ ಸಿಗಲ್ಲ ಅಂದೆ. ದೊಡ್ಡಪ್ಪ ಬಹಳ ಹೊತ್ತು ಸುಮ್ನಿದ್ದು ಕೇಳಿದ್ರು, "ಹಂಗಾರೆ ಮುಂದೆ ಎಲ್ಲೂ ಸಿಗಲ್ವೋ, ಎಲ್ಲೋ ಒಂದ್ಕಡೆ ಮತ್ತೆ ಸಿಗ್ತದೋ?" ನನ್ನ ಹನ್ನೆರಡು ವರ್ಷದ ಕೆಲಸದಲ್ಲಿ ಕ್ಲಾಸಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿಲ್ಲ. ಉತ್ತರ ಹೇಳ್ಲಿಲ್ಲ ನಾನು. ಮಕ್ಕಳು ಚೀಟಿ ಮೇಲೆ 13, 25, 41, 61, 85 ಅಂತ ಬರ್ಕೊಂಡು ಮನೆಗೆ ಹೋದ್ರು. ಒಂಬತ್ತೂವರೆ ಆಗಿತ್ತು, ಮೂವತ್ತೆಂಟು ಜನ.

ಸಂಘದಅಕ್ಕ, ಮುಂದಿನ ತಿಂಗಳು ಬಡ್ಡಿ. ನೀವು ಬರೋಕಾದ್ರೆ ಬನ್ನಿ, ಬಸ್ ಚಾರ್ಜು ನಂದು.

ಸಂಘದಅಕ್ಕ:
ಬರ್ತೀನಿ. ಚಾರ್ಜು ಬೇಡ, ಊಟ ಹಾಕಿ.

ಗಾರೆಗೋಡೆ:
ತಮ್ಮಯ್ಯನವರಿಗೆ ನನ್ನ ನಮಸ್ಕಾರ ಹೇಳ್ರಿ.

ಚುಕ್ಕಿಎಳೆ:
ಓದಿ ಕಣ್ಣು ತುಂಬ್ತು. ಮತ್ತೆ ಎಲ್ಲಿ ಸಿಗುತ್ತೆ ಒಂಟಿಮರ ಅವರೇ? ನಾನು 19 ಚುಕ್ಕಿವರೆಗೂ ಹಾಕ್ದೆ, 181, ಸಿಕ್ಕಿಲ್ಲ.

ಒಂಟಿಮರ:
ಮಕ್ಕಳು ಹುಡುಕ್ತಿದ್ದಾರೆ, ನಿಮಗೊಬ್ರಿಗೇ ಹೇಳ್ತೀನಿ, ಅವರು ಕಂಡುಹಿಡಿಯೋವರೆಗೂ ಯಾರಿಗೂ ಹೇಳ್ಬೇಡಿ. ನಡುಸಾಲಿನಲ್ಲಿ 41 ಚುಕ್ಕಿ ಬೇಕು. ಕುಂಕುಮದ್ದು 21×21, ಅರಿಶಿನದ್ದು 20×20. 441+400=841, ಅದು 29×29.

ಚುಕ್ಕಿಎಳೆ:
841 ಚುಕ್ಕಿ! ಆಗುತ್ತೆ. ಎರಡು ಇಂಚಿಗೊಂದು ಚುಕ್ಕಿ ಇಟ್ರೆ ಅಡ್ಡಕ್ಕೆ ಏಳಡಿ ಒಳಗೆ ಮುಗಿಯುತ್ತೆ. ಸೀಗೆಬೇಲಿ ಅವರೇ, ನಡುಸಾಲು ಮೊದಲು ದಾರ ಹಿಡಿದು ಇಡಿಸಿ, ಆಮೇಲೆ ಮೇಲೊಂದು ಕೆಳಗೊಂದು ಸಾಲು, ಪ್ರತಿ ಸಲ ಎರಡೂ ತುದಿಗೆ ಒಂದೊಂದು ಚುಕ್ಕಿ ಬಿಡ್ತಾ ಬನ್ನಿ. ಮೇಲಿಂದ ಶುರು ಮಾಡಿದ್ರೆ ನಡುವೆ ಬರೋ ಹೊತ್ತಿಗೆ ಸೊಟ್ಟಗಾಗುತ್ತೆ. ರಂಗೋಲಿ ಪುಡಿ ಒಂದು ಕೆಜಿ ಸಾಕು.